ನೀರಿನ ಜಾಡು ಹಿಡಿದ ಸೈಕಲ್ ದಾರಿ

(ಮಂಡ್ಯದಲ್ಲಿ ಸೈಕಲ್ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಸೈಕಲ್ ಕೊಂಡವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಯಾವ ಕಡೆ ಹೋದ್ರೆ ಚೆನ್ನಾಗಿರುತ್ತೆ?" ಮೊದಮೊದಲು ಊರುಗಳ ಹೆಸರು ಹೇಳಿ ಕಳಿಸುತ್ತಿದ್ದೆ. ಈಗ ಒಂದು ಮರುಪ್ರಶ್ನೆ ಹಾಕುತ್ತೇನೆ. ನೀವು ಹೋಗಬೇಕೆಂದಿರುವ ಊರಿನ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ? ನಾಲೆಯಿಂದಲೋ, ಕೆರೆಯಿಂದಲೋ, ಅಥವಾ ಮಳೆಯೊಂದೇ ಗತಿಯೋ? ಇದಕ್ಕೆ ಉತ್ತರ ಸಿಕ್ಕರೆ ಆ ರಸ್ತೆ ಸಮತಟ್ಟೋ ಏರಿಳಿತವೋ, ನೆರಳಿದೆಯೋ ಬಿಸಿಲೋ, ಯಾವ ತಿಂಗಳಲ್ಲಿ ಕೆಸರು, ಯಾವ ತಿಂಗಳಲ್ಲಿ ಟ್ರ್ಯಾಕ್ಟರು ಎಲ್ಲವೂ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಮೈಸೂರು–ಮಂಡ್ಯ ಸೀಮೆಯ ಸೈಕಲ್ ನಕ್ಷೆಯನ್ನು ಬರೆದದ್ದು ನೀರು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದರ ವಿವರ.

ನಾಲೆಯಿಂದಲೇ ಶುರು ಮಾಡೋಣ. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಶುರುವಾಗಿ ಅಣೆಕಟ್ಟೆ ಪೂರ್ಣಗೊಂಡದ್ದು 1931ರ ಹೊತ್ತಿಗೆ. ಅಲ್ಲಿಂದ ಮಂಡ್ಯದ ಕಡೆಗೆ ನೀರು ತಂದದ್ದು ಆಗಿನ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ. ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗದೊಳಗೆ ನೀರು ಹಾಯಿಸಿದರು. ಆ ನೀರು ಬಂದ ಮೇಲೆ ಕಬ್ಬು ಬಂತು, 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಇದೆಲ್ಲ ನೀವು ಶಾಲೆಯಲ್ಲಿ ಓದಿರುತ್ತೀರಿ. ಸೈಕಲ್ ತುಳಿಯುವವನಿಗೆ ಇದರಲ್ಲಿ ಏನಿದೆ ಅಂದರೆ, ನಾಲೆಯನ್ನು ಮೇಲಕ್ಕೆ ಹತ್ತಿಸಲು ಆಗುವುದಿಲ್ಲ. ತೀರಾ ಇಳಿಜಾರಾದರೆ ನೀರು ದಡ ಕೊರೆಯುತ್ತದೆ. ಹಾಗಾಗಿ ಕಣ್ಣಿಗೆ ಕಾಣದಷ್ಟು ಓಟ ಕೊಟ್ಟು, ಗುಡ್ಡದ ಸೊಂಟ ಬಳಸಿಕೊಂಡು, ಒಂದೇ ಮಟ್ಟದಲ್ಲಿ ಸುತ್ತಿಸಿ ಸುತ್ತಿಸಿ ನಾಲೆಯನ್ನು ಒಯ್ದಿದ್ದಾರೆ. ಅದರ ದಂಡೆಯ ಮೇಲಿನ ದಾರಿಯೂ ಅದೇ ಮಟ್ಟ. ನೂರು ವರ್ಷದ ಹಿಂದೆ ಮಟ್ಟದ ಕಡ್ಡಿ ಹಿಡಿದು ಬಿಸಿಲಲ್ಲಿ ಅಳೆದವರ ಶ್ರಮ ನಮ್ಮ ತೊಡೆಗೆ ವಿಶ್ರಾಂತಿಯಾಗಿ ಸಿಗುತ್ತಿದೆ.

ನಾಲೆ ಏರಿಯ ಮೇಲೆ ಬೆಳಗಿನ ಹೊತ್ತು ಹೋದವರಿಗೆ ಗೊತ್ತು. ಒಂದು ಕಡೆ ಗದ್ದೆ ಬಯಲು ಕೆಳಗೆ ಕೆಳಗೆ ಇಳಿಯುತ್ತಾ ಹೊಳೆಯ ತನಕ ಹಸಿರು. ಇನ್ನೊಂದು ಕಡೆ ಹತ್ತು ಮಾರು ಮೇಲೆ ಹೋದರೆ ಕೆಂಪು ಮಣ್ಣು, ರಾಗಿ ಹೊಲ, ಹುಣಸೆ ಮರ. ನೀರು ಹತ್ತಲಾರದ ಗೆರೆ ಅದು. ಆ ಗೆರೆಯ ಮೇಲೆಯೇ ನಿಮ್ಮ ಚಕ್ರ ಓಡುತ್ತಿರುತ್ತದೆ. ಬಲಗಡೆ ಒಂದು ಬದುಕು, ಎಡಗಡೆ ಇನ್ನೊಂದು ಬದುಕು. ಕಾರಿನಲ್ಲಿ ಹೋದರೆ ಇದು ಕಾಣುವುದಿಲ್ಲ. ನಡೆದು ಹೋದರೆ ಕಾಣುತ್ತದೆ, ಆದರೆ ಇಷ್ಟು ಉದ್ದಕ್ಕೆ ಕಾಣುವುದಿಲ್ಲ.

ಆದರೆ ನಾಲೆ ದಾರಿಯನ್ನು ಬರೀ ಹೊಗಳಿ ನಾನು ಮುಂದೆ ಹೋಗಲಾರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅದಾದ ಮೇಲೂ ಈ ನಾಲೆಗೆ ಕಾರುಗಳು ಬಿದ್ದಿವೆ, ಜನ ಸತ್ತಿದ್ದಾರೆ. ಉದ್ದಕ್ಕೂ ತಡೆಗೋಡೆ ಬೇಕು ಎಂಬ ಕೂಗು ಇನ್ನೂ ನಿಂತಿಲ್ಲ. ನಾನೂ ಆ ಕೂಗಿಗೆ ದನಿಗೂಡಿಸುತ್ತೇನೆ. ಅದು ಆಗುವ ತನಕ ಸೈಕಲ್ಲಿನವರು ಪಾಲಿಸಬೇಕಾದ ಕಟ್ಟುನಿಟ್ಟು ಇದೆ. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಎದುರಿಗೆ ವಾಹನ ಬಂದರೆ ನೀರಿನ ಕಡೆಗೆ ಸರಿಯದೆ ಗದ್ದೆಯ ಕಡೆಗೆ ಇಳಿದು ನಿಲ್ಲಬೇಕು. ಕತ್ತಲಾದ ಮೇಲೆ ಆ ದಾರಿಯೇ ಬೇಡ. ಸಿಮೆಂಟ್ ಹಾಕಿದ ನಾಲೆಯ ಓರೆ ಗೋಡೆಗೆ ಪಾಚಿ ಕಟ್ಟಿರುತ್ತದೆ, ಈಜು ಬಂದವನಿಗೂ ಹತ್ತಿ ಬರಲು ಕಾಲೂರುವ ಜಾಗ ಸಿಗುವುದಿಲ್ಲ. ಕೈಕಾಲು ತೊಳೆಯಬೇಕೆಂದರೆ ಊರವರು ಬಟ್ಟೆ ಒಗೆಯುವ ಮೆಟ್ಟಿಲು ಇರುವಲ್ಲಿ ಮಾತ್ರ ಇಳಿಯಿರಿ.

ಮೈಸೂರಿನ ಕಡೆಯವರಿಗೆ ಮೊದಲ ದಾರಿಯಾಗಿ ನಾನು ಹೇಳುವುದು ಹೊಳೆಯ ಪಕ್ಕದ ದಾರಿ. ಮೈಸೂರಿಂದ ಬೆಳಗೊಳ, ಅಲ್ಲಿಂದ ಕೆ.ಆರ್.ಎಸ್. ಕಡೆಗೆ ಹೋಗದೆ ಬಲಮುರಿ, ಪಾಲಹಳ್ಳಿ, ರಂಗನತಿಟ್ಟು, ಶ್ರೀರಂಗಪಟ್ಟಣ. ಇಲ್ಲಿ ವಿ.ಸಿ. ನಾಲೆಗಿಂತ ತೀರಾ ಹಳೆಯ ನಾಲೆಗಳಿವೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ನೀರನ್ನು ಪಕ್ಕಕ್ಕೆ ತಿರುಗಿಸಿ ಒಯ್ದ ನಾಲೆಗಳು. ಬಲಮುರಿಯಲ್ಲಿ ಜನ ಜಲಪಾತ ಎಂದು ಫೋಟೊ ತೆಗೆದುಕೊಳ್ಳುವುದು ಇಂಥದ್ದೇ ಒಡ್ಡಿನ ಮೇಲೆ ನೀರು ಉಕ್ಕಿ ಬೀಳುವುದನ್ನು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ ಇವೆಲ್ಲ ಇದೇ ಸುತ್ತಿನಲ್ಲಿವೆ. ರಂಗನತಿಟ್ಟಿನ ನಡುಗಡ್ಡೆಗಳು ಹುಟ್ಟಿದ್ದೂ ಇಂಥ ಒಡ್ಡಿನ ಹಿಂದೆ ನೀರು ನಿಂತದ್ದರಿಂದಲೇ. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅನ್ನಕ್ಕಾಗಿ ಕಟ್ಟಿದ ಒಡ್ಡು ಹಕ್ಕಿಗೂ ಮನೆ ಕೊಟ್ಟಿತು, ಇವತ್ತು ಸೈಕಲ್ಲಿಗೂ ದಾರಿ ಕೊಡುತ್ತಿದೆ.

ಶ್ರೀರಂಗಪಟ್ಟಣದಲ್ಲಿ ಕೋಟೆ, ದರಿಯಾ ದೌಲತ್, ಗುಂಬಜ್ ಬಗ್ಗೆ ನಾನು ಹೇಳಬೇಕಾದ್ದಿಲ್ಲ. 1804ರ ವೆಲ್ಲೆಸ್ಲಿ ಸೇತುವೆಯನ್ನು ಮಾತ್ರ ನಿಂತು ನೋಡಿ. ಒಂದೊಂದೇ ಕಲ್ಲಿನ ಕಂಬ ಸಾಲಾಗಿ ನಿಲ್ಲಿಸಿ ಮೇಲೆ ಚಪ್ಪಡಿ ಹಾಸಿದ ಸೇತುವೆ ಅದು. ಎಷ್ಟು ಪ್ರವಾಹ ಕಂಡಿದೆಯೋ. ಅಲ್ಲಿಂದ ಇನ್ನೂ ಕಾಲಲ್ಲಿ ಶಕ್ತಿ ಇದ್ದರೆ ಕರಿಘಟ್ಟ. ಮೆಟ್ಟಿಲೂ ಇದೆ, ವಾಹನದ ರಸ್ತೆಯೂ ಇದೆ. ಬೆಟ್ಟ ಹತ್ತುವುದನ್ನು ಕಲಿಯಲು ಇಷ್ಟು ಹದವಾದ ಗುಡ್ಡ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಚಿಕ್ಕದು, ಚುರುಕಾಗಿ ಏರುತ್ತದೆ, ಉಸಿರು ಕಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಮೇಲೆ ನಿಂತರೆ ಲೋಕಪಾವನಿ ಕಾವೇರಿಯನ್ನು ಸೇರುವುದು ಕಾಣುತ್ತದೆ, ನೀವು ತುಳಿದು ಬಂದ ಗದ್ದೆ ಬಯಲೂ ಕಾಣುತ್ತದೆ.

ಎಕ್ಸ್‌ಪ್ರೆಸ್‌ವೇ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರು, ಸೈಕಲ್ಲು ಯಾವುದೂ ಹೋಗುವಂತಿಲ್ಲ. ನೂರು ಕಿಲೋಮೀಟರಿನ ಮೇಲೆ ಓಡುವ ಕಾರುಗಳ ನಡುವೆ ಸೈಕಲ್ ಇರಬಾರದು ಎನ್ನುವುದು ನನಗೂ ಒಪ್ಪಿಗೆ. ಆದರೆ ಸರ್ವಿಸ್ ರಸ್ತೆಯಲ್ಲಿ ಎದುರುಬದುರು ಬರುವ ವಾಹನ, ಕೆಳಸೇತುವೆಗಳಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರು ನೋಡಿದರೆ ಅದು ಸೈಕಲ್ಲಿಗೆ ತಕ್ಕ ದಾರಿ ಅನ್ನಿಸುವುದಿಲ್ಲ. ಅದಕ್ಕೇ ನಾನು ಒಳದಾರಿಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದು. ಶ್ರೀರಂಗಪಟ್ಟಣದಿಂದ ಮಹದೇವಪುರ, ಅರಕೆರೆ ಮೇಲೆ ಬನ್ನೂರಿಗೆ ಹೋಗುವ ರಸ್ತೆ ಇದೆಯಲ್ಲ, ಹೊಳೆಯ ಪಕ್ಕ ಪಕ್ಕದಲ್ಲೇ ಸಾಗುತ್ತದೆ. ಮಹದೇವಪುರದ ಹೊಳೆದಂಡೆಯನ್ನು ನೀವು ನೋಡಿಲ್ಲದಿದ್ದರೂ ಕನ್ನಡ ಸಿನಿಮಾಗಳಲ್ಲಿ ಖಂಡಿತ ನೋಡಿರುತ್ತೀರಿ. ಬನ್ನೂರಿಂದ ಮುಂದೆ ಸೋಮನಾಥಪುರ. ಅಲ್ಲಿನ ಚೆನ್ನಕೇಶವ ದೇವಾಲಯ ಹದಿಮೂರನೆಯ ಶತಮಾನದ್ದು, ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. 2023ರಲ್ಲಿ ಬೇಲೂರು, ಹಳೇಬೀಡಿನ ಜತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಮೈಸೂರಿಂದ ನೇರವಾಗಿ ಬನ್ನೂರಿನ ಮೇಲೆ ಹೋಗಿ ಬರಲು 70 ಕಿಲೋಮೀಟರಿನ ಸುಮಾರು. ದಾರಿಯುದ್ದಕ್ಕೂ ಹೇಳಿಕೊಳ್ಳುವಂಥ ಏರಿಲ್ಲ. ಇನ್ನು ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನನಗೆ ಮೇಲುಕೋಟೆಗೆ ಹೋಗುವ ಆತುರ ಇದೆ.

ಮೇಲುಕೋಟೆ ದಾರಿಯಲ್ಲಿ ನಾಲೆ, ಕೆರೆ, ಮಳೆ ಎಂಬ ನೀರಿನ ಮೂರು ಬದುಕೂ ಒಂದೇ ಬೆಳಗಿನಲ್ಲಿ ಸಿಗುತ್ತವೆ. ಮೈಸೂರಿಂದ ಸುಮಾರು 50 ಕಿಲೋಮೀಟರು. ಮಂಡ್ಯದಿಂದ ಅದಕ್ಕಿಂತ ಕಡಿಮೆ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆಗೆ ತಿರುಗಿದಾಗ ನೀವಿನ್ನೂ ನಾಲೆ ಸೀಮೆಯಲ್ಲೇ ಇರುತ್ತೀರಿ. ಭತ್ತ, ಕಬ್ಬು, ತೆಂಗು. ಆಲೆಮನೆಯ ಒಲೆ ಉರಿಯುತ್ತಿದ್ದರೆ ಬೆಲ್ಲದ ಪಾಕದ ವಾಸನೆ ಅರ್ಧ ಕಿಲೋಮೀಟರು ಮೊದಲೇ ಬರುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಈ ರಸ್ತೆಗಳಲ್ಲಿ ಎಚ್ಚರ ಬೇಕು. ಟ್ರ್ಯಾಕ್ಟರಿಗೆ ಎರಡೆರಡು ಟ್ರೈಲರ್ ಕಟ್ಟಿ, ಅಗಲಕ್ಕೂ ಎತ್ತರಕ್ಕೂ ಮಿತಿ ಇಲ್ಲದೆ ಕಬ್ಬು ಹೇರಿರುತ್ತಾರೆ. ಹಿಂದಿನ ದೀಪ ಕಬ್ಬಿನ ಗರಿಯಲ್ಲಿ ಮುಚ್ಚಿಹೋಗಿರುತ್ತದೆ. ಅದರ ಹಿಂದೆ ಅಂಟಿಕೊಂಡು ಹೋಗುವುದು ಗಾಳಿಗೆ ಮರೆಯಾಗುತ್ತದೆ ಎಂದು ಹುಡುಗರು ಆಸೆ ಪಡುತ್ತಾರೆ. ದಯವಿಟ್ಟು ಬೇಡ. ಒಂದು ಕಬ್ಬಿನ ಜಲ್ಲೆ ಜಾರಿ ಮುಂದಿನ ಚಕ್ರಕ್ಕೆ ಸಿಕ್ಕರೆ ಸಾಕು.

ಭತ್ತದ ನಾಟಿ ಕಾಲದಲ್ಲಿ ಬೇರೆ ತೊಂದರೆ. ಕೆಸರು ಗದ್ದೆ ಉಳುವ ಟ್ರ್ಯಾಕ್ಟರಿನ ಕಬ್ಬಿಣದ ಕೇಜ್ ವೀಲ್ ಕಳಚದೆ ಹಾಗೇ ಡಾಂಬರಿನ ಮೇಲೆ ಓಡಿಸಿರುತ್ತಾರೆ. ರಸ್ತೆಯ ಮೇಲೆ ಗೇಣು ಗೇಣು ದೂರಕ್ಕೆ ಅಡ್ಡಗೆರೆ ಕೊರೆದಿರುತ್ತದೆ. ಅದರ ಮೇಲೆ ಸಣ್ಣ ಟೈರಿನ ರೇಸ್ ಸೈಕಲ್ ಹೋದರೆ ಮಣಿಕಟ್ಟು ಮರಗಟ್ಟುತ್ತದೆ. ಅದಕ್ಕೇ ನಮ್ಮ ಹಳ್ಳಿ ರಸ್ತೆಗೆ 23, 25 ಮಿಲಿಮೀಟರಿನ ಟೈರು ಬೇಡ ಎನ್ನುವುದು. 28 ಇರಲಿ, ಫ್ರೇಮಿನಲ್ಲಿ ಜಾಗವಿದ್ದರೆ 32 ಹಾಕಿಸಿ, ಗಾಳಿ ಸ್ವಲ್ಪ ಕಡಿಮೆ ತುಂಬಿ. ವೇಗ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಒರಟು ರಸ್ತೆಗೆ ಅನ್ವಯಿಸುವುದಿಲ್ಲ. ಗಟ್ಟಿ ಟೈರು ಪ್ರತಿ ಉಬ್ಬಿಗೂ ನಿಮ್ಮನ್ನು ಎತ್ತಿ ಹಾಕುತ್ತದೆ, ಆ ಎತ್ತುವ ಶಕ್ತಿ ನಿಮ್ಮ ಕಾಲಿಂದಲೇ ಹೋಗುವುದು.

ಪಾಂಡವಪುರ ದಾಟಿ ನಾಗಮಂಗಲದ ದಿಕ್ಕಿಗೆ ಹೋಗುತ್ತಿದ್ದಂತೆ ನಾಲೆಯ ನೀರು ಹಿಂದೆ ಉಳಿಯುತ್ತದೆ, ಕೆರೆಗಳ ಸೀಮೆ ಶುರುವಾಗುತ್ತದೆ. ಇಲ್ಲಿ ರಸ್ತೆಯ ನಡೆ ಬದಲಾಗುವುದನ್ನು ಗಮನಿಸಿ. ಕೆರೆ ಕಟ್ಟುವುದು ಹಳ್ಳದ ತಗ್ಗಿನಲ್ಲಿ. ರಸ್ತೆ ಅನೇಕ ಕಡೆ ಕೆರೆ ಏರಿಯ ಮೇಲೇ ಹೋಗುತ್ತದೆ. ಏರಿ ಮುಗಿದ ಕೂಡಲೇ ದಿಣ್ಣೆ ಹತ್ತಬೇಕು, ದಿಣ್ಣೆಯ ನೆತ್ತಿ ಮುಟ್ಟಿದರೆ ಮುಂದಿನ ಕೆರೆಯ ತಗ್ಗಿಗೆ ಇಳಿಜಾರು. ಹೀಗೆ ಒಂದಾದ ಮೇಲೊಂದು. ಎತ್ತರ ಹೆಚ್ಚೇನೂ ಇರುವುದಿಲ್ಲ, ಆದರೆ ಸುಸ್ತು ಮಾಡುವುದು ಇದೇ. ಈ ಲೆಕ್ಕ ಗೊತ್ತಿದ್ದವರು ಕೆರೆ ನೀರು ಕಂಡ ಕೂಡಲೇ ಗೇರು ಇಳಿಸಲು ತಯಾರಾಗಿರುತ್ತಾರೆ. ತೊಣ್ಣೂರು ಕೆರೆ ಇದೇ ದಾರಿಯಿಂದ ಸ್ವಲ್ಪ ಒಳಗಿದೆ. ಗುಡ್ಡಗಳ ನಡುವಿನ ಸಂದನ್ನು ಏರಿ ಕಟ್ಟಿ ಮುಚ್ಚಿ ನಿಲ್ಲಿಸಿದ ನೀರು. ಮೋತಿ ತಲಾಬ್ ಎಂಬ ಹೆಸರೂ ಅದಕ್ಕಿದೆ, ನೀರಿನ ತಿಳಿ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಹೋಗುವಾಗ ಬೇಡ, ಬರುವಾಗ ಅಲ್ಲಿ ಕೂತು ಬುತ್ತಿ ಬಿಚ್ಚಿ.

ಡಿಸೆಂಬರ್, ಜನವರಿಯಲ್ಲಿ ಈ ಬಯಲುಸೀಮೆಯ ರಸ್ತೆಗಳೇ ಕಣ. ಹುರುಳಿ, ರಾಗಿ ಎಲ್ಲ ರಸ್ತೆಗೆ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ವಾಹನಗಳು ಅದರ ಮೇಲೆ ಹಾದು ಒಕ್ಕಣೆ ಮಾಡಿಕೊಡುತ್ತವೆ. ರಾಗಿ ಹುಲ್ಲಿನ ಮೇಲೆ ಸೈಕಲ್ಲು ಜಾರುತ್ತದೆ ಅಷ್ಟೆ. ಹುರುಳಿ ಹಾಗಲ್ಲ. ಅದರ ಬಳ್ಳಿ ದಾರದಂತೆ ಎಳೆ ಎಳೆಯಾಗಿ ಮೇಲೆದ್ದು ಹಿಂದಿನ ಗೇರಿನ ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಜಕ್ಕನಹಳ್ಳಿಗೆ ಮೊದಲು ನನ್ನ ಜತೆಗಾರನ ಸೈಕಲ್ಲಿಗೆ ಹೀಗಾದಾಗ ಹತ್ತಿರ ನಿಂತು ನೋಡಿದೆ. ಮೊದಲು ಚರಚರ ಸದ್ದು, ಆಮೇಲೆ ಚೈನು ಬಿಗಿಯಿತು, ಚೈನು ಎಳೆದ ರಭಸಕ್ಕೆ ಗೇರು ಬದಲಿಸುವ ತೋಳು ಹಿಂದಕ್ಕೆ ಮಡಚಿ ಕಡ್ಡಿಗಳ ಕಡೆಗೆ ವಾಲಿತು. ಇನ್ನೊಂದು ಸುತ್ತು ತುಳಿದಿದ್ದರೆ ಚಕ್ರದೊಳಗೆ ಹೋಗಿ ಮುರಿಯುತ್ತಿತ್ತು. ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸು ಕೂಗಿ ಹೇಳಿದರು: "ತುಳೀಬ್ಯಾಡ ಕಣಪ್ಪೋ, ಇಳ್ದು ಹಿಂದಕ್ ತಿರುಗ್ಸು!" ಬಂದು ಕುಡುಗೋಲಿನ ತುದಿಯಿಂದ ಹಲ್ಲಿನ ಸಂದಿಯಲ್ಲಿದ್ದ ಬಳ್ಳಿಯನ್ನು ಒಂದೊಂದೇ ಎಳೆ ಸೀಳಿ ತೆಗೆದರು. ಚೈನಿಗೆ ಒಂದು ಗೀರೂ ಬೀಳಲಿಲ್ಲ. "ದಿನಾ ಒಂದ್ ಗಾಡಿಗಾದ್ರೂ ಸುತ್ಕತದೆ" ಅಂದರು.

ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದು ಪ್ರತಿ ವರ್ಷ ಎಚ್ಚರಿಕೆ ಕೊಡುತ್ತಾರೆ. ಬೈಕಿನವರು ಜಾರಿ ಬಿದ್ದು ಸತ್ತದ್ದೂ ಇದೆ, ಸುಳ್ಳಲ್ಲ. ಆದರೆ ಊರ ಮುಂದಿನ ಕಣದ ಜಾಗಗಳು ಎಲ್ಲಿ ಹೋದವು ಎಂದು ಯಾರೂ ಕೇಳುವುದಿಲ್ಲ. ಅರ್ಧ ಎಕರೆ ಹುರುಳಿ ಬೆಳೆದವರು ಒಕ್ಕುವ ಯಂತ್ರಕ್ಕೆ ಬಾಡಿಗೆ ಕೊಟ್ಟರೆ ಕೈಗೆ ಏನು ಉಳಿಯುತ್ತದೆ? ನಾವು ವಾರಕ್ಕೊಮ್ಮೆ ಸಂತೋಷಕ್ಕೆ ಬರುವವರು. ಆ ಹೊತ್ತಿನಲ್ಲಿ ಆ ರಸ್ತೆ ಅವರ ಅನ್ನದ ಜಾಗ. ಇಳಿದು, ಸೈಕಲ್ ಎತ್ತಿಕೊಂಡು, ಅಂಚಿನಲ್ಲಿ ನಡೆದು ದಾಟಿ. ಎರಡು ನಿಮಿಷದ ಕೆಲಸ.

ಜಕ್ಕನಹಳ್ಳಿಯಲ್ಲಿ ಟೀ ಕುಡಿದು ಬಾಟಲಿಗೆ ನೀರು ತುಂಬಿಕೊಳ್ಳಿ. ಇಲ್ಲಿಂದ ಮೇಲುಕೋಟೆಗೆ ಸುಮಾರು ಆರು ಕಿಲೋಮೀಟರು. ನಾಲೆಯೂ ಇಲ್ಲ, ಕೆರೆಯ ತಗ್ಗೂ ಇಲ್ಲ, ಕಲ್ಲುಗುಡ್ಡ. ಕುರುಚಲು ಕಾಡು, ಬಂಡೆ, ಆಡು ಕುರಿ ಮೇಯಿಸುವವರು. ಈ ಕುರುಚಲನ್ನು ಪಾಳು ಅಂದುಕೊಳ್ಳಬೇಡಿ. ತೋಳಗಳನ್ನು ಉಳಿಸಬೇಕೆಂದು 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಿಸಿದ್ದಾರೆ. ದಟ್ಟ ಕಾಡಿನಲ್ಲಿ ತೋಳ ಇರುವುದಿಲ್ಲ, ಅದಕ್ಕೆ ಬೇಕಾದ್ದು ಇಂಥ ಬಯಲು, ಇಂಥ ಪೊದೆ. ಹಾಗಾಗಿ ಬಿಸ್ಕತ್ತಿನ ಕಾಗದ, ಜೆಲ್ ಪೊಟ್ಟಣ ಎಲ್ಲ ಜೇಬಿಗೇ ಹಾಕಿಕೊಳ್ಳಿ, ಪೊದೆಗೆ ಎಸೆಯಬೇಡಿ.

ಏರು ಹತ್ತುವ ಬಗ್ಗೆ ಹುಡುಗರಿಗೆ ಒಂದು ಕಿವಿಮಾತು. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ಜೋರು ಮಾಡುತ್ತಾರೆ. ಬೇಡ. ಪಕ್ಕದವನ ಜತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟೇ ತುಳಿಯಿರಿ. ಮುಂದೆ 34 ಹಲ್ಲು, ಹಿಂದೆ 32 ಹಲ್ಲಿನ ಗೇರು ಇದ್ದರೆ ಒಂದು ಪೆಡಲ್ ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತೀರಿ. ಅದು ನಿಧಾನ ಅನ್ನಿಸಿದರೂ ಮೊಣಕಾಲಿಗೆ ಅದೇ ಹಿತ. ಸೀಟಿನಿಂದ ಏಳುವುದನ್ನು ತಿರುವುಗಳಿಗೆ ಇಟ್ಟುಕೊಳ್ಳಿ. ಮೇಲೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಯೋಗನರಸಿಂಹನ ಗುಡಿಯನ್ನು ತಲೆ ಎತ್ತಿ ನೋಡುವಾಗ ಹಸಿವು ಚೆನ್ನಾಗಿ ಕೆರಳಿರುತ್ತದೆ. ಮೇಲುಕೋಟೆ ಪುಳಿಯೋಗರೆ ಯಾಕೆ ಅಷ್ಟು ಹೆಸರುವಾಸಿ ಎಂಬುದು ಸೈಕಲ್ಲಲ್ಲಿ ಹತ್ತಿ ಬಂದವನಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಈ ದಾರಿ ಭಕ್ತರಿಗೆ ಬಿಟ್ಟುಕೊಡಿ. ರಾತ್ರಿಯಿಡೀ ಬಸ್ಸು, ಜನ.

ಈಗ ಚಾಮುಂಡಿ ಬೆಟ್ಟ. ಮೈಸೂರಿನ ಸೈಕಲ್ಲಿಗರಿಗೆ ಅದು ದಿನದ ಗರಡಿ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಊರಿಗಿಂತ ಮುನ್ನೂರು ಮೀಟರಿನ ಹತ್ತಿರ ಹತ್ತಿರ ಎತ್ತರ. ಅರಮನೆ ಕಡೆಯಿಂದ ರಸ್ತೆಯಲ್ಲಿ ಹೋದರೆ ನೆತ್ತಿಗೆ ಸುಮಾರು 13 ಕಿಲೋಮೀಟರು. ಉತ್ತನಹಳ್ಳಿ ಕಡೆಯಿಂದಲೂ ದಾರಿ ಇದೆ, ಅದು ಹೆಚ್ಚು ಪ್ರಶಾಂತ. ಹತ್ತುವುದಕ್ಕಿಂತ ಇಳಿಯುವುದರ ಬಗ್ಗೆಯೇ ನಾನು ಇಲ್ಲಿ ಹೇಳಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ಟ್ಯೂಬು ಸಿಡಿಯಬಹುದು. ತಿರುವಿಗೆ ಮೊದಲೇ ಬಲವಾಗಿ ಹಿಡಿದು, ತಿರುವಿನೊಳಗೆ ಬಿಡಿ. ಮೆಟ್ಟಿಲು ಹತ್ತಿ ಬರುವ ಭಕ್ತರು ರಸ್ತೆ ದಾಟುವ ಜಾಗಗಳಿವೆ, ಕೋತಿಗಳಿವೆ, ತಿರುವಿನಲ್ಲಿ ಪೂರ್ತಿ ರಸ್ತೆ ಬೇಕಾಗುವ ಬಸ್ಸುಗಳಿವೆ.

2021ರ ಅಕ್ಟೋಬರ್, ನವೆಂಬರ್ ಮಳೆಯಲ್ಲಿ ಇದೇ ಬೆಟ್ಟದ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆ ಮತ್ತೆ ಮತ್ತೆ ಕುಸಿಯಿತು. ದೊಡ್ಡದೇವರಾಜ ಒಡೆಯರ ಕಾಲದ ನಂದಿ, ಅವರೇ ಮಾಡಿಸಿದ ಮೆಟ್ಟಿಲು ಮುನ್ನೂರು ವರ್ಷಕ್ಕೂ ಮೇಲೆ ಹಾಗೇ ನಿಂತಿವೆ, ನಾವು ಕೊರೆದ ರಸ್ತೆ ಜಾರಿತು. ಇಲ್ಲೂ ನೀರಿನ ಮಾತೇ. ಬೆಟ್ಟದ ಮೇಲೆ ಬಿದ್ದ ಮಳೆಗೆ ಹರಿದುಹೋಗಲು ದಾರಿ ಬೇಕು. ಮೇಲೆ ಕಟ್ಟಡ ಎದ್ದಷ್ಟೂ, ಚರಂಡಿ ಕಟ್ಟಿಕೊಂಡಷ್ಟೂ ಅದು ರಸ್ತೆಯ ಬುಡಕ್ಕೆ ನುಗ್ಗುತ್ತದೆ. ಬೆಟ್ಟ ಉಳಿಸಬೇಕು ಎಂದು ಮೈಸೂರಿನ ಜನ ದನಿ ಎತ್ತುತ್ತಿರುವಾಗ ದಿನಾ ಬೆಳಿಗ್ಗೆ ಆ ಬೆಟ್ಟ ಹತ್ತುವ ನಾವು ಸುಮ್ಮನಿರಬಾರದು. ಚರಂಡಿ ಎಲ್ಲಿ ಕಟ್ಟಿದೆ, ಅಂಚು ಎಲ್ಲಿ ಬಿರಿದಿದೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ನಮಗೇ.

ಗಾಳಿಯ ವಿಷಯ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಜೂನ್‌ನಿಂದ ಆಗಸ್ಟ್ ತನಕ ಪಡುವಣ ಗಾಳಿ. ಆ ತಿಂಗಳುಗಳಲ್ಲಿ ಮೈಸೂರಿಂದ ಇಲವಾಲ, ಹುಣಸೂರು ಕಡೆಗೆ ಹೊರಟರೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಕಾಲು ತಾಜಾ ಇರುವಾಗ ಕಷ್ಟದ ಕಡೆ ಮುಗಿಸಿಬಿಡಿ. ಅದೇ ಕಾಲದಲ್ಲಿ ಬನ್ನೂರಿನ ಕಡೆ ಹೋದರೆ ಹೋಗುವಾಗ ಹಾರಿಕೊಂಡು ಹೋಗುತ್ತೀರಿ, ಹಿಂದಿರುಗುವಾಗ ಬಿಸಿಲು, ಹಸಿವು, ಗಾಳಿ ಮೂರೂ ಎದುರಿಗೆ.

ಸಭಿಕರು ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ.

ಕಾಲೇಜಿನ ಒಬ್ಬ ಹುಡುಗಿ ಕೇಳಿದರು: "ನಾವು ಹುಡುಗೀರೇ ಹೋಗಬಹುದಾ ಸರ್, ಒಳದಾರೀಲಿ?" ಹೋಗಬಹುದಮ್ಮ, ಹೋಗಬೇಕು. ಬೆಳಿಗ್ಗೆ ಆರರಿಂದ ಎಂಟರ ತನಕ ನಮ್ಮ ಹಳ್ಳಿಗಳಲ್ಲಿ ರಸ್ತೆ ತುಂಬ ಹೆಂಗಸರೇ ಇರುತ್ತಾರೆ. ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ನಿಂತವರು, ಗದ್ದೆಗೆ ಹೊರಟವರು, ಶಾಲೆಗೆ ಹೊರಟ ಮಕ್ಕಳು. ಒಂದು ದಾರಿಯನ್ನು ಆರಿಸಿಕೊಂಡು ಅದರಲ್ಲೇ ಮತ್ತೆ ಮತ್ತೆ ಹೋಗಿ. ನಾಲ್ಕು ಸಲ ಹೋದರೆ ಟೀ ಅಂಗಡಿಯವರಿಗೆ, ಡೈರಿ ಮುಂದಿನ ಅಕ್ಕಂದಿರಿಗೆ ನಿಮ್ಮ ಮುಖ ಗೊತ್ತಾಗುತ್ತದೆ. ಆಮೇಲೆ ಪಂಚರಾದರೆ ನೀವು ಒಂಟಿಯಲ್ಲ. ಪಂಚರ್ ಹಾಕುವುದನ್ನು ಮಾತ್ರ ಮನೆಯಲ್ಲೇ ಕಲಿತು ಹೊರಡಿ, ಜಾಲಿ ಮುಳ್ಳಿಗೆ ಯಾರ ಮೇಲೂ ಕನಿಕರ ಇಲ್ಲ. ಮುಳ್ಳು ಟೈರಿನಲ್ಲೇ ಉಳಿದಿದೆಯಾ ಎಂದು ಒಳಗಡೆ ಬೆರಳಾಡಿಸಿ ನೋಡದೆ ಹೊಸ ಟ್ಯೂಬು ಹಾಕಬೇಡಿ.

ಚಿರತೆ ಬಗ್ಗೆ ಒಬ್ಬರು ಕೇಳಿದರು. ಹೆದರಿಕೆಗೆ ಕಾರಣ ಇದೆ. 2022ರ ಕೊನೆ, 2023ರ ಆರಂಭದಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಕಬ್ಬು ಎತ್ತರಕ್ಕೆ ಬೆಳೆದು ನಿಂತರೆ ಚಿರತೆಗೆ ಅದೇ ಕಾಡು. ಸೂರ್ಯ ಹುಟ್ಟಿದ ಮೇಲೆ ಊರು ಬಿಡಿ, ಮುಳುಗುವ ಮುಂಚೆ ಊರು ಸೇರಿ. ಇದರಲ್ಲಿ ರಾಜಿ ಬೇಡ. ಬಂಡೀಪುರದ ಕಡೆ, ಬಿಳಿಗಿರಿರಂಗನ ಬೆಟ್ಟದ ಕಡೆ ಹೋಗುವ ಆಸೆ ಇರುವವರಿಗೂ ಅದೇ ಮಾತು. ಅದು ಆನೆ ಓಡಾಡುವ ದಾರಿ. ಬಂಡೀಪುರದ ಕಡೆಗಾದರೆ ಗುಂಡ್ಲುಪೇಟೆ ತನಕ ತುಳಿದು ಅಲ್ಲಿಂದ ಹಿಂದಿರುಗಿ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು, ತಮ್ಮ ಹತ್ತಿರ ಹಳೆಯ ಗೇರಿಲ್ಲದ ಸೈಕಲ್ಲೇ ಇರುವುದು, ಅದರಲ್ಲಿ ಮೇಲುಕೋಟೆಗೆ ಹೋಗಲು ಆಗುತ್ತದೆಯೇ ಎಂದು. ಆಗುತ್ತದೆ ಯಜಮಾನರೇ. ಆ ಸೈಕಲ್ಲು ಒಂದು ಪೆಡಲ್ ಸುತ್ತಿಗೆ ಐದು ಮೀಟರಿಗೂ ಹೆಚ್ಚು ಸಾಗುತ್ತದೆ. ನಾಲೆ ದಾರಿಗೆ ಅದಕ್ಕಿಂತ ಒಳ್ಳೆಯ ಸೈಕಲ್ ಇಲ್ಲ. ಕೆರೆ ಏರಿಯ ಸೀಮೆಯಲ್ಲಿ ಇಳಿಜಾರಿನ ಓಟವನ್ನು ಬ್ರೇಕು ಹಾಕದೆ ಉಳಿಸಿಕೊಂಡರೆ ಅರ್ಧ ದಿಣ್ಣೆ ತಾನೇ ಹತ್ತುತ್ತದೆ. ಜಕ್ಕನಹಳ್ಳಿಯಿಂದ ಮೇಲಕ್ಕೆ ಇಳಿದು ತಳ್ಳಿಕೊಂಡು ಹೋಗಿ, ಒಂದೂವರೆ ಗಂಟೆಯಲ್ಲಿ ಕಲ್ಯಾಣಿ ಹತ್ತಿರ ಇರುತ್ತೀರಿ. ಹೊರಡುವ ಹಿಂದಿನ ದಿನ ಬ್ರೇಕಿನ ನಾಲ್ಕೂ ರಬ್ಬರು ಬದಲಿಸಿ, ಕಡ್ಡಿ ಬಿಗಿ ಮಾಡಿಸಿಕೊಳ್ಳಿ. ಇಳಿಯುವಾಗ ಬೇಕಾಗುತ್ತದೆ.